ಆಂಬಾಪೋಳಿ

ಹೆಸರು ಕೇಳಿ ಐತಪ್ಪ ನಕ್ಕರು:
"ಆಂಬಾಪೋಳಿಯಾ? ದಾದರಿನಲ್ಲಿ ಕಿಲೋಗಟ್ಟಲೆ ಸಿಗುತ್ತದೆ."
ಅಲ್ಲ ಮಾರಾಯರೆ, ಆಂಬಿಪೋಲಾರ್.
ಕರ್ಮರ್ಕರ್ ಮೇಡಂ ಇವತ್ತು ಮಕ್ಕಳಿಗೆ ಹೇಳಿದ್ದು,
ಪಂಪಿನ ಎಣ್ಣೆ ಬದಲಿಸುತ್ತ ನಾನು ಕದ್ದು ಕೇಳಿದ್ದು.

ಮಾಟುಂಗದ ಕಾಲೇಜಿನಲ್ಲಿ ನಾನು ಲ್ಯಾಬ್ ಅಟೆಂಡೆಂಟು.
ಇವರದ್ದು ಲ್ಯಾಮಿಂಗ್ಟನ್ ರೋಡಿನ ಹಿಂದೆ, ಮೆಟ್ಟಿಲ ಕೆಳಗೆ,
ನಿಯಾನ್ ಬೋರ್ಡಿನ ಕೆಲಸ.
ಮಣ್ಣು ತಿರುಗಿಸಿದ ಮನೆತನ; ಇವರ ಕೈಗೆ ಬಂದದ್ದು ಗಾಜು.
ಜ್ವಾಲೆಯ ಮೇಲೆ ಕೊಳವೆ ಮೆತ್ತಗಾಗುವ ತನಕ ಕಾಯುತ್ತಾರೆ,
ಊದುತ್ತಾರೆ, ಬಾಗಿಸುತ್ತಾರೆ, ಮತ್ತೆ ಕಾಯುತ್ತಾರೆ.
ಒಂದು 'ಕ' ಬರೆಯಲು ಅರ್ಧ ಮಧ್ಯಾಹ್ನ.

ನಾನು ಹಾಗಲ್ಲ.
ದಾದರಿನ ಸೇತುವೆ ನನಗೆ ನಾಲ್ಕು ನಿಮಿಷ,
ಇವರಿಗೆ ಹನ್ನೊಂದು.

ಕೇಳಿ, ಅಂದೆ, ನಿಮ್ಮ ಕೊಳವೆಯೊಳಗೆ ಉರಿಯುವುದು ಬೆಂಕಿಯಲ್ಲ.
ಒಡೆದ ಪರಮಾಣು. ಒಡೆದರೆ ಎರಡು ಪಾಲು:
ಒಂದು ಇಲೆಕ್ಟ್ರಾನು, ಹಗುರ, ಕಾಲು ನಿಲ್ಲದ್ದು;
ಇನ್ನೊಂದು ಉಳಿದ ಮೈ, ಅದರ ಮೂವತ್ತೇಳು ಸಾವಿರ ಪಟ್ಟು ಭಾರ.
ಇಬ್ಬರಿಗೂ ಹೋಗಬೇಕಾದ ಊರಂತ ಇಲ್ಲ.
ಇಕ್ಕಟ್ಟಿನಿಂದ ಬಿಡುವಿನ ಕಡೆಗೆ, ಸಿಕ್ಕಸಿಕ್ಕವರಿಗೆ ಡಿಕ್ಕಿ ಹೊಡೆಯುತ್ತ,
ನಡುವಿನಿಂದ ಗಾಜಿನ ಗೋಡೆಗೆ. ಅಷ್ಟೆ.
ಹಗುರದವಳು ಮೊದಲು ಓಡುತ್ತಾಳೆ.

"ಓಡಲಿ," ಅಂದರು, ತಂತಿಯ ಸುರುಳಿ ಬಿಡಿಸುತ್ತ.

ಓಡಲಾರಳು. ವಿಷಯ ಇರುವುದೇ ಅಲ್ಲಿ.
ಎರಡು ಹೆಜ್ಜೆ ಮುಂದಾದಳೋ ಇಲ್ಲವೋ
ಹಿಂದೆ ಉಳಿದದ್ದು ಜಗ್ಗತೊಡಗುತ್ತದೆ.
ಯಾರೂ ಹಗ್ಗ ಕಟ್ಟಿಲ್ಲ. ಮಂತ್ರ ಹೇಳಿದ ಭಟ್ಟರಿಲ್ಲ.
ಅವಳು ಮುಂದೆ ಹೋದದ್ದೇ ಹಗ್ಗ.
ಆ ಅಂತರ ಅವಳ ಸೆರಗು ಹಿಡಿಯುತ್ತದೆ,
ಅದೇ ಅಂತರ ಅವನ ಕೈಯನ್ನೂ ಹಿಡಿದು ಮುಂದಕ್ಕೆ ಎಳೆಯುತ್ತದೆ.
ಕೊನೆಗೆ ಇಬ್ಬರಿಗೂ ಒಂದೇ ನಡಿಗೆ. ಅವಳದ್ದಲ್ಲ, ಅವನದ್ದೂ ಅಲ್ಲ;
ಲೆಕ್ಕ ಮಾಡಿದರೆ ಅವನದ್ದಕ್ಕೇ ಹತ್ತಿರ.
ಇಬ್ಬರ ಬಿಸಿಯೂ ಸಮ ಇದ್ದರೆ, ಸರಿಸುಮಾರು ಅವನ ಎರಡರಷ್ಟು.

"ಸಮ ಎಲ್ಲಿ," ಅಂದರು, "ಬಿಸಿ ನಿನ್ನದೇ ಜಾಸ್ತಿ."

ಎಂಬತ್ತಾರರಲ್ಲಿ ನಾನು ಪನ್ವೇಲಿನಲ್ಲಿ ಜಾಗ ನೋಡಿ ಬಂದಿದ್ದೆ.
ಬೇಡ, ಅಂದಿದ್ದರು. ಲಾಲ್‌ಬಾಗಿನ ಖೋಲಿ ಏನಾಗಿದೆ?
ನಲ್ಲಿ ಹತ್ತಿರ, ಗಿರಣಿಯ ಭೋಂಗಾ ಇರುವಾಗ ಗಡಿಯಾರ ಬೇಡ.
ನಾಲ್ಕು ವರ್ಷಕ್ಕೆ ಭಾಂಡುಪ್.
ಮತ್ತೆ ಒಂಬತ್ತಕ್ಕೆ ಕಳವಾ.
ಈಗ ಬದಲಾಪುರ, ಕಿಟಕಿಯಲ್ಲಿ ಒಂದು ಗುಡ್ಡ.
ನನ್ನ ಮನಸ್ಸಿಗೆ ಇದು ಆಮೆಯ ಪ್ರಯಾಣ,
ಇವರ ಮೊಣಕಾಲಿಗೆ ಫಾಸ್ಟ್ ಲೋಕಲ್.

ಸಿಲಿಕಾನಿನ ಚೂರಿನಲ್ಲೂ ಹೀಗೇ ಅಂತೆ.
ಅಲ್ಲಿ ಅವಳ ಜೊತೆಗಾರ ಒಂದು ತೂತು,
ಅವಳು ಎದ್ದುಬಂದ ಜಾಗ.
ಖಾಲಿ ಜಾಗಕ್ಕೂ ಕಾಲು ಬರುತ್ತದೆ, ಹಿಂದೆ ಹಿಂದೆ ಬರುತ್ತದೆ.
ನಿಜ ಇರಬೇಕು. ಬದಲಾಪುರದ ಅಡುಗೆಮನೆಯಲ್ಲಿ
ಇವತ್ತಿಗೂ ನಾನು ಎಡಕ್ಕೆ ಕೈಚಾಚಿ ಹುಡುಕುತ್ತೇನೆ
ಲಾಲ್‌ಬಾಗಿನ ಉಪ್ಪಿನ ಡಬ್ಬಿ.

ಒಂದು ಮಾತು ಮಾತ್ರ ಇವರಿಗೆ ಹೇಳಲಿಲ್ಲ.
ಗೋಡೆ ಮುಟ್ಟುವಾಗ ಒಡೆದ ಪಾಲುಗಳೇ ಕೂಡಬೇಕೆಂದಿಲ್ಲ.
ಯಾರ ಜೊತೆಗೋ ಯಾರೋ. ಗುಂಪಿಗೆ ಗುಂಪು ನಡೆಯುತ್ತದೆ, ಅಷ್ಟೆ,
ಜೋಡಿ ಅನ್ನುವುದು ನಮ್ಮ ಆಸೆ.

ಸ್ವಿಚ್ಚು ಆರಿಸಿದರು.
ಕೆಂಪು ಹೋಯಿತು. ಕಣ್ಣಿಗೆ ಸಿಗದಷ್ಟು ಹೊತ್ತು
ಒಳಗೆ ಅವು ಇನ್ನೂ ನಡೆಯುತ್ತಿರುತ್ತವೆ, ದೂಡುವವರಿಲ್ಲದೆ,
ಗಾಜಿನ ತನಕ; ಅಲ್ಲಿ ಕೂಡಿ, ಚಾರ್ಜು ಕಳೆದು,
ಮತ್ತೆ ಬರೀ ಅನಿಲ.

ಐತಪ್ಪ ಕೊಳವೆಯ ಮೇಲೆ ಅಂಗೈಯಿಟ್ಟರು.
"ಇನ್ನೂ ಬೆಚ್ಚಗಿದೆ."
ನಾನಾಗಲೇ ಗಲ್ಲಿಯ ತುದಿ ತಲುಪಿದ್ದೆ.
ದಾದರಿನಲ್ಲಿ ಗಾಡಿ ಬದಲಿಸಬೇಕು, ಆ ಸೇತುವೆ ಬೇರೆ.

ನಿಂತೆ ಅಂತ ಯಾರಿಗೂ ಹೇಳಬೇಡಿ.
ಚಪ್ಪಲಿಯ ಬಾರು ಸರಿಮಾಡುತ್ತಿದ್ದೆ.