ಮೂರನೆಯ ಕೊಟೇಷನ್

ಮೂರು ಕೊಟೇಷನ್ ಬಂದಿದ್ದವು. ಎರಡರಲ್ಲಿ ಗೋಡೆ ಇತ್ತು:
ಎತ್ತರ, ದಪ್ಪ, ಕಬ್ಬಿಣ, ಜಿಎಸ್‌ಟಿ ಸಹಿತ.
ಮೂರನೆಯದರಲ್ಲಿ ಬರೀ ಪ್ರಶ್ನೆಗಳು.
"ಪ್ರಶ್ನೆ ಕೇಳಿಸಿಕೊಳ್ಳಲಿಕ್ಕೆ ನಾವೇ ದುಡ್ಡು ಕೊಡುವುದೋ?"
ಎಂದ ಉಪಾಧ್ಯಕ್ಷ ಮಾಚಯ್ಯ, ಚಹಾದಲ್ಲಿ ಬಿಸ್ಕತ್ತು ಅದ್ದುತ್ತ.
ಅದ್ದಿದ್ದು ಮುರಿದು ಬಿತ್ತು. ಯಾರೂ ನಗಲಿಲ್ಲ.
ಗೋದಾಮಿನ ಹಿಂದಿನ ಬರೆ ಹೋದ ಕಕ್ಕಡದಲ್ಲಿ
ಹಾಗೆಯೇ ಜಾರಿತ್ತು.

ಮಾದಾಪುರದ ನಮ್ಮ ಕಾಫಿ ಸಂಘದ
ನಡಾವಳಿ ಬರೆಯುವವ ನಾನು.
ಎರಡು ಗಂಟೆಯ ಜಗಳವನ್ನು "ಚರ್ಚಿಸಲಾಯಿತು" ಎಂಬ
ಒಂದೇ ಪದದೊಳಗೆ ಮಡಚಿಡಬಲ್ಲೆ.
ಅಂದು ಬರೆದೆ: ಮೂರನೆಯದು ಅಂಗೀಕೃತ, ನಾಲ್ಕು ಮತ, ಎರಡು ವಿರೋಧ.

ಜೆಸಿಂತಾ ಮೊಂತೇರೊ ಮಂಗಳೂರಿನಿಂದ ಬಂದರು,
ರಬ್ಬರ್ ಬೂಟು, ಕೈಯಲ್ಲೊಂದು ಸಲಾಕೆ.
ಗೋಡೆಯ ಜಾಗ ತೋರಿಸಿದೆವು.
ಅದಕ್ಕೆ ಬೆನ್ನು ಹಾಕಿ ಮೇಲಕ್ಕೆ ನೋಡಿದರು,
ಸಿಲ್ವರ್ ಮರಗಳ ಬುಡದ ಬಾಗು ನೋಡಿದರು,
ಮಣ್ಣು ಹಿಸುಕಿದರು, ಕಡುಬಿನ ಹಿಟ್ಟಿನ ಹದ ನೋಡುವವರಂತೆ.
"ಮೊದಲೆಲ್ಲ ನೀರು ಎಲ್ಲಿ ಹೋಗುತ್ತಿತ್ತು?"
ಆರು ಜನ ಇದ್ದೆವು.
ಆರು ಜನವೂ ಆಕಾಶ ನೋಡಿದೆವು.

ಒಪ್ಪಂದದ ಎರಡನೇ ಪುಟದಲ್ಲಿತ್ತು:
ತಿಳಿದದ್ದೆಲ್ಲವನ್ನೂ ತಿಳಿಸತಕ್ಕದ್ದು.
ಸಹಿ ನನ್ನದು. ಸೀಲೂ ನಾನೇ ಒತ್ತಿದ್ದು.
ಅಪ್ಪ ಅಧ್ಯಕ್ಷನಾಗಿದ್ದಾಗ ಕಣ ಅಗಲಿಸಲು
ಹದಿನೆಂಟು ಲೋಡು ಮಣ್ಣು ಸುರಿದು ಮುಚ್ಚಿಸಿದ ತೋಡು;
ಒಂಬತ್ತು ವರ್ಷದ ನಾನು ಅದರಲ್ಲಿ ಏಡಿ ಹಿಡಿಯುತ್ತಿದ್ದೆ.
ಆ ಸಾಲಿನ ಪುಸ್ತಕದಲ್ಲಿ ಅಪ್ಪನ ದುಂಡು ಅಕ್ಷರ:
"ಕಣ ಸಮತಟ್ಟು ಮಾಡಲಾಯಿತು."

ಎರಡು ದಿನ ಸುಮ್ಮನಿದ್ದೆ.
ಎರಡು ದಿನ ಅವರು ಬೋರು ಕೊರೆಸಿದರು
ನಮ್ಮ ಹಣದಲ್ಲಿ, ನನಗೆ ಗೊತ್ತಿದ್ದದ್ದನ್ನು ಹುಡುಕುತ್ತ.
ಹೊಟ್ಟೆನೋವು ಮುಚ್ಚಿಟ್ಟು ಡಾಕ್ಟರ ಹತ್ತಿರ
ತಲೆನೋವಿನ ಮಾತ್ರೆ ಕೇಳುವವನ ಮುಖ ನನ್ನದು.

ಮೂರನೆಯ ಬೆಳಗ್ಗೆ, ಗೊಬ್ಬರದ ರಸೀದಿಯ ಹಿಂದೆ
ನೆನಪಿನಿಂದ ಗೀಚಿ ಕೊಟ್ಟೆ:
ಇಲ್ಲಿ ಬಂಡೆ, ಇಲ್ಲಿ ತಿರುವು, ಇಲ್ಲಿ ಏಡಿಯ ಬಿಲ.
ಅವರು ಬೈಯಲಿಲ್ಲ. "ನೀರು ಎಷ್ಟು ಆಳ?"
ಮೊಣಕಾಲುದ್ದ ಅಂದೆ.
"ಆಗಿನ ಮೊಣಕಾಲೋ, ಈಗಿನದೋ?"
ಉತ್ತರ ಬರೆದುಕೊಂಡರು, ಇಂಚಿನ ಲೆಕ್ಕದಲ್ಲಿ.

ವರದಿ ಹನ್ನೊಂದು ಪುಟ. ಗೋಡೆ ಸೊಂಟದೆತ್ತರಕ್ಕೆ ಇಳಿದಿತ್ತು.
ಉಳಿದದ್ದೆಲ್ಲ ನೀರಿಗೆ ದಾರಿ;
ಅಪ್ಪನ ಕಣದ ಒಂದು ಮೂಲೆ ಒಡೆಯಬೇಕು.
"ಇಷ್ಟು ದುಡ್ಡಿಗೆ ಇಷ್ಟೇ ಗೋಡೆಯೋ?" ಮಾಚಯ್ಯ ಬಿಲ್ಲು ತಿರುವಿದ,
ಹಿಂದಿನ ಪುಟದಲ್ಲಿ ಇನ್ನಷ್ಟು ಗೋಡೆ ಇದ್ದೀತೆಂಬಂತೆ.
ಬೇಡದ್ದನ್ನು ಬೇಡ ಎಂದದ್ದಕ್ಕೂ ಕೂಲಿ ಉಂಟು ಎಂದೆ.
ಮೆಲ್ಲಗೆ ಎಂದೆ. ಬೋರಿನ ಎರಡು ದಿನದ ಬಾಬ್ತು
ನನ್ನ ಹೆಸರಿಗೆ ಬರೆದುಕೊಂಡಿದ್ದೆ.

ಕೊನೆಗೆ ಅವರದೊಂದು ಸಣ್ಣ ಪ್ರಶ್ನೆ ಬಾಕಿ ಇತ್ತು:
ನಕ್ಷೆಯಲ್ಲಿ ತೋಡಿಗೆ ಏನು ಹೆಸರು ಹಾಕಲಿ?
ನಾನು ಪೆನ್ನು ಹಿಡಿದು ಕೂತೆ. ಹೆಸರು ನೆನಪಾಗಲಿಲ್ಲ.
ಬಹಳ ಹೊತ್ತಾದ ಮೇಲೆ ಮಾಚಯ್ಯ,
ಲೋಟದ ತಳದ ಬಿಸ್ಕತ್ತನ್ನು ಚಮಚದಲ್ಲಿ ಎತ್ತುತ್ತ,
"ಏಡಿತೋಡು" ಅಂದ.
"ನಮ್ಮಜ್ಜಿ ಹಾಗೆ ಕರೆಯುತ್ತಿದ್ದರು."