ಹನ್ನೊಂದು ಖಾಲಿ ಸಾಲು

ಶಿರ್ವದ ಬಸ್‌ಸ್ಟ್ಯಾಂಡಿನ ಎದುರು, ಮಹಡಿಯ ಮೇಲೆ
ನನ್ನದೊಂದು ಜೆರಾಕ್ಸ್ ಅಂಗಡಿ.
ಪಾಸ್‌ಪೋರ್ಟು, ಪಾನ್‌ಕಾರ್ಡು, ಲ್ಯಾಮಿನೇಶನ್,
ಮತ್ತೆ ಬೋರ್ಡಿನಲ್ಲಿ ಬರೆಯದ ಇನ್ನೊಂದು ಕೆಲಸ:
ಒಂದು ದೇಶ ಕೊಟ್ಟ ಕಾಗದವನ್ನು
ಇನ್ನೊಂದು ದೇಶಕ್ಕೆ ಅರ್ಥವಾಗುವಂತೆ ಬರೆದುಕೊಡುವುದು.

ಸೆವ್ರಿನ್ ಬಾಯಿ ಬಂದದ್ದು ಸೋಮವಾರ,
ಜವಳಿ ಅಂಗಡಿಯ ತೊಟ್ಟೆಯಲ್ಲಿ
ಮೂರು ದೇಶ ಹಿಡಿದುಕೊಂಡು.

ಕುವೈತಿನಲ್ಲಿ ಆರು ವರ್ಷ ನೆಲ ಒರೆಸಿದ ಸೆವೆರಿನ್ ನರೋನಾ,
ಹೈಫಾದಲ್ಲಿ ನಾಲ್ಕು ವರ್ಷ ಮುದುಕಿಯೊಬ್ಬಳನ್ನು
ಎತ್ತಿ ಕೂರಿಸಿ, ಎತ್ತಿ ಮಲಗಿಸಿದ ನೊರೊನ್ಹಾ ಎಸ್.,
ಲಿಸ್ಬನ್ನಿನ ಹೋಟೆಲಿನಲ್ಲಿ ಒಂಬತ್ತು ವರ್ಷ
ಹಾಸಿಗೆಯ ಬಟ್ಟೆ ಬದಲಿಸಿದ ಮರಿಯಾ ಸೆವೆರಿನಾ,
ಮೂವರೂ ಒಬ್ಬಳೇ ಎಂದು ಮೊದಲು ನಾನು ನಂಬಬೇಕು,
ಆಮೇಲೆ ನೋಟರಿ.

ಹುಟ್ಟಿದ ತಾರೀಕೂ ಎರಡಿದೆ.
"ಒಂದು ಇಗರ್ಜಿಯದ್ದು, ಒಂದು ಶಾಲೆಯ ಮಾಸ್ಟ್ರದ್ದು.
ನಾನು ಹುಟ್ಟುವಾಗ ಅವರಿಬ್ಬರೂ ಅಲ್ಲಿರ್ಲಿಲ್ಲ."

ಲಿಸ್ಬನ್ ಕೇಳುತ್ತದೆ: ಇಲ್ಲಿಗೆ ಬರುವ ಮೊದಲು
ಎಲ್ಲಿ ದುಡಿದಿರಿ, ಎಷ್ಟು ದಿನ?
ಕುವೈತಿನ ಕಾಗದ ಹಳದಿಯಾಗಿದೆ, ಆದರೂ ಸೀಲು ಇದೆ.
ಹೈಫಾದಲ್ಲಿ ಇದ್ದದ್ದು ಮುದುಕಿ. ಅವಳೂ ಹೋದಳು.
ಮಗನ ವಿಳಾಸಕ್ಕೆ ಬರೆದ ಎರಡು ಪತ್ರ ವಾಪಸು ಬಂದಿವೆ,
ಲಕೋಟೆಯ ಮೇಲೆ ಅವರ ಅಕ್ಷರದಲ್ಲಿ ಏನೋ ಗೀಚು,
ಬಲದಿಂದ ಎಡಕ್ಕೆ,
ನಮ್ಮ ಕಡೆ ಬೆನ್ನು ಹಾಕಿ ನಡೆದುಹೋದ ಹಾಗೆ.

ಆಗ ತೊಟ್ಟೆಯ ತಳದಿಂದ ಒಂದು ಪುಸ್ತಕ ತೆಗೆದಳು.
ಗುಳಿಗೆಯ ಪುಸ್ತಕ. ದಿನಕ್ಕೊಂದು ಸಾಲು,
ಕೊಂಕಣಿ ಮಾತು, ಕನ್ನಡ ಅಕ್ಷರ.
ಬೆಳಿಗ್ಗೆ ಬಿಳಿಯದ್ದು ಒಂದು, ಕೆಂಪು ಅರ್ಧ.
ಸೂಪು ಕುಡಿದಳು. ಸೂಪು ಚೆಲ್ಲಿದಳು.
ರಾತ್ರಿ ಎರಡಕ್ಕೆ ಎದ್ದು ತನ್ನ ತಾಯಿ ಎಲ್ಲಿ ಎಂದು ಕೇಳಿದಳು,
ನಾನೇ ಅಂದೆ. ಗುಳಿಗೆ ಒಂದು.

"ಇದು ಆಗ್ತದಾ?"
ಆಗುತ್ತದೋ ಇಲ್ಲವೋ, ಯಾರಿಗೆ ಗೊತ್ತು.
ಲಿಸ್ಬನ್ನಿನ ಮೇಜಿನ ಹಿಂದಿರುವವರಿಗೆ ಬೇಕಾದದ್ದು
ವರ್ಷ, ತಿಂಗಳು, ದಿನ, ಒಟ್ಟು.
ಪೆನ್ಸಿಲು ಹಿಡಿದು ಎಣಿಸತೊಡಗಿದೆ.
ಕೆಳಗೆ ಕಾಪುವಿನ ಬಸ್ಸು ಹೋಯಿತು, ಬಂತು, ಮತ್ತೆ ಹೋಯಿತು.

ಮೂರನೆಯ ವರ್ಷದ ಆಗಸ್ಟಿನಲ್ಲಿ ಸಾಲು ನಿಂತಿದೆ.
ತಾರೀಕು ಇದೆ, ಎದುರು ಏನೂ ಇಲ್ಲ.
ಹನ್ನೊಂದು ದಿನ.

"ರಜೆಯಾ?" ಅಂದೆ.
"ಎಂತ ರಜೆ ಮಾರಾಯ್ರೆ.
ಇಲ್ಲಿ ಅಮ್ಮ ತೀರಿಹೋದ್ರು.
ಬಂದ್ರೆ ತಿರುಗಿ ಹೋಗ್ಲಿಕ್ಕೆ ವೀಸಾ ಇರ್ಲಿಲ್ಲ.
ಗುಳಿಗೆ ಕೊಟ್ಟಿದ್ದೇನೆ, ಒಂದೂ ತಪ್ಪಿಸ್ಲಿಲ್ಲ.
ಬರೀಲಿಕ್ಕೆ ಮಾತ್ರ ಕೈ ಬರ್ಲಿಲ್ಲ."

ಫಾರ್ಮಿನಲ್ಲಿ ಎರಡೇ ಕಾಲಂ:
ಕೆಲಸ ಮಾಡಿದ ದಿನ, ಮಾಡದ ದಿನ.
ಅಂಗಡಿಯ ಹುಡುಗ ಜಯೇಶ "ಡಿಟ್ಟೋ ಹಾಕಿ ಬಿಡಿ" ಅಂದ.
ಇಪ್ಪತ್ತು ವರ್ಷದಿಂದ ಬೇರೆಯವರ ಪರವಾಗಿ ಬರೆಯುತ್ತಿದ್ದೇನೆ;
ಖಾಲಿ ಜಾಗ ಕಂಡರೆ ಅಡ್ಡಗೆರೆ ಎಳೆಯುವುದು ರೂಢಿ,
ಆಮೇಲೆ ಯಾರೂ ಏನೂ ಸೇರಿಸಬಾರದು ಅಂತ.
ಸ್ಕೇಲು ಇಟ್ಟೆ. ತೆಗೆದೆ.

ಬರೆದೆ: ಈ ಹನ್ನೊಂದು ದಿನವೂ ಕೆಲಸ ಮಾಡಿದ್ದಾರೆ.
ಪುರಾವೆ, ಹನ್ನೆರಡನೆಯ ದಿನದ ಸಾಲು:
ಅಜ್ಜಿಗೆ ಜ್ವರವಿಲ್ಲ.
ಡಬ್ಬಿಯ ಗುಳಿಗೆ ಎಣಿಸಿದೆ. ಲೆಕ್ಕ ಸರಿಯಿದೆ.

ಐವತ್ತೆಂಟು ಪುಟ. ಪುಟಕ್ಕೆ ಎರಡು ರೂಪಾಯಿ.
ಮೆಷಿನ್ನಿನ ಬೆಳಕು ಎಲ್ಲ ಸಾಲಿನ ಮೇಲೂ
ಒಂದೇ ವೇಗದಲ್ಲಿ ಹಾದುಹೋಯಿತು.
ಉತ್ತರ ಬರಲು ಆರು ತಿಂಗಳಾದರೂ ಬೇಕು ಅಂದೆ.
ಮೂರು ದೇಶವನ್ನೂ ತೊಟ್ಟೆಗೆ ತುಂಬಿ ಗಂಟು ಹಾಕಿದಳು,
ಮೆಟ್ಟಿಲಿನವರೆಗೆ ಹೋಗಿ ತಿರುಗಿ ಬಂದಳು.

"ಅಸಲು ಪುಸ್ತಕ ಮಾತ್ರ ಕಳಿಸ್ಲಿಕ್ಕೆ ಹೇಳ್ಬೇಡಿ, ಆಯ್ತಾ?
ಹಿಂದಿನ ಪುಟಗಳಲ್ಲಿ ಈಗ
ಹಾಲಿನ ಲೆಕ್ಕ ಬರೀತಿದ್ದೇನೆ."