ದುಕ್ಸಿಸ್‌ನ ಸರಪಳಿ

ಅಡುಗೆಮನೆ ಮೇಜಿನ ಮೇಲೆ ಇವತ್ತು ಊಟಕ್ಕೆ ಜಾಗವಿಲ್ಲ:
ಔಷಧಿಯ ಖಾಲಿ ಸೀಸೆ, ಹಾಲಿನ ಡಬ್ಬಿಯ ಮುಚ್ಚಳ,
ಮುರಿದ ಕೊಡೆಯ ಎಂಟು ಕಡ್ಡಿ,
ಕರೀ ಟೇಪು, ಕತ್ತರಿ, ಒಂಬತ್ತು ವೋಲ್ಟಿನ ಬ್ಯಾಟರಿ.
ನವೆಂಬರಿನ ಲಿಯೆಪಾಯಾದಲ್ಲಿ ಸೂರ್ಯ
ನಾಲ್ಕು ಗಂಟೆಗೇ ಅಂಗಡಿ ಮುಚ್ಚುತ್ತಾನೆ.
ಉಳಿದ ಬೆಳಕನ್ನು ನಾವೇ ಮಾಡಿಕೊಳ್ಳಬೇಕು.

ಇಲ್ಗ್‌ವಾರ್ಸ್ ಟ್ರಾಮು ಡಿಪೋದಲ್ಲಿ ಮೂವತ್ತು ವರ್ಷ ತಂತಿ ಬಿಗಿದವನು.
ಅಳತೆ ಅವನದು, ಅಂದಾಜು ನನ್ನದು.
‘ನೇರ ಕತ್ತರಿಸು’ ಅನ್ನುತ್ತಾನೆ,
ಪ್ಲಾಸ್ಟಿಕ್ ಹಾಳೆ ನನ್ನ ಕೈಯಲ್ಲಿ ಮೀನಿನ ಬಾಲವಾಗುತ್ತದೆ.
ಅಂಚನ್ನು ಮರಳುಕಾಗದದಿಂದ ಉಜ್ಜಬೇಕು.
ನಯವಾಗಿದ್ದಲ್ಲಿ ಬೆಳಕು ಸುಮ್ಮನೆ ಜಾರಿಹೋಗುತ್ತದೆ,
ಗೀರು ಬಿದ್ದಲ್ಲಿ ನಿಲ್ಲುತ್ತದೆ, ಹೊಳೆಯುತ್ತದೆ.
(ನಮ್ಮ ಮದುವೆಯ ಬಗ್ಗೆ ಹೇಳಿದೆನೆಂದುಕೊಂಡು
ಅವನು ಟೇಪು ಎಲ್ಲಿ ಎಂದು ಕೇಳಿದ.)

ಚಾಕೊಲೇಟಿನ ಕೆಂಪು ಕಾಗದ ಟಾರ್ಚಿನ ಬಾಯಿಗೆ.
ನೀಲಿಗೆ ನೀರಿನ ಬಾಟಲಿಯ ಬುಡ.
ಹಸಿರು ಮಾತ್ರ ಮೂರು ವಾರ ಸಿಗಲಿಲ್ಲ.
ಕೊನೆಗೆ ಪಕ್ಕದ ಮನೆಯ ವೆಲ್ಟಾ
ಉಳಿದರ್ಧ ಶಾಂಪೂವನ್ನು ಲೋಟಕ್ಕೆ ಬಗ್ಗಿಸಿ ಸೀಸೆ ಕೊಟ್ಟಳು.
‘ನಿಮಗೆ ಹುಚ್ಚು’ ಅಂದಳು.
ಮೆಟ್ಟಿಲಿಳಿಯುವಾಗ ‘ಚಿತ್ರ ತೋರಿಸಿ’ ಅಂತಲೂ ಅಂದಳು.

ಸೈಕಲ್ಲಿನ ಚಕ್ರಕ್ಕೆ ದೀಪದ ಪಟ್ಟಿ ಸುತ್ತಿದ್ದೆವು,
ಒಂದು ಕಡೆ ಭಾರವಾಗಿ ಅದು ಕುಡುಕನ ಹಾಗೆ ತಿರುಗಿ
ದೀಪಗಳನ್ನೆಲ್ಲ ಹಿಮದಲ್ಲಿ ಉಗುಳಿತು.
ಪರವಾಗಿಲ್ಲ. ಇನ್ನೊಂದು ಚಕ್ರವಿದೆ.

ಬೆಂಕಿಗೆ, ಪಾತ್ರೆ ತಿಕ್ಕುವ ಉಕ್ಕಿನ ನಾರು.
ಸೋಪಿಲ್ಲದ್ದು, ತೀರ ನುಣ್ಣನೆಯದು.
ಹತ್ತಿಯ ಹಾಗೆ ಹಿಂಜಿ ಹಿಂಜಿ
ಕ್ರೀಮು ಕಡೆಯುವ ತಂತಿಯ ಕಡೆಗೋಲಿನೊಳಗೆ ತುಂಬಬೇಕು.
ಕಡೆಗೋಲಿಗೊಂದು ಸರಪಳಿ.
ಸರಪಳಿ ಎಲ್ಲಿದೆ?
ಅವನು ಹೇಳಲಿಲ್ಲ, ನಾನೂ ಮತ್ತೆ ಕೇಳಲಿಲ್ಲ.
ಬಾಗಿಲ ಹಿಂದಿನ ಮೊಳೆಯಲ್ಲಿ ಮಾರ್ಚಿನಿಂದ ತೂಗುತ್ತಿತ್ತು,
ತೊಗಲಿನ ಹಿಡಿಕೆಯಲ್ಲಿ ಹಲ್ಲಿನ ಗುರುತು.

ಕಡಲಂಚಿನ ಹಳೆಯ ಕೋಟೆ ನೀರಲ್ಲಿ
ಕುಕ್ಕರುಗಾಲಲ್ಲಿ ಕೂತಿದೆ, ಯಾವ ಸೈನ್ಯಕ್ಕೂ ಬೇಡವಾಗಿ.
ಮರಳು ಒದ್ದೆ. ಸುಡುವಂಥದ್ದೇನಿಲ್ಲ. ಬಕೆಟ್ಟಿನಲ್ಲಿ ನೀರೂ ಇದೆ.
ಕಪ್ಪು ಕೋಟು, ಕಪ್ಪು ಟೋಪಿ, ಕಪ್ಪು ಕೈಗವಸು,
ಇರುಳಿನ ಒಂದು ತುಂಡು ನಾನು.
ನಿಯಮ ಒಂದೇ: ನಿಲ್ಲಬಾರದು.
ನಡೆಯುತ್ತಿರುವವರೆಗೆ ಕ್ಯಾಮೆರಾದ ಪಾಲಿಗೆ ನಾನಿಲ್ಲ,
ಗೆರೆ ಉಳಿಯುತ್ತದೆ, ಎಳೆದ ಕೈ ಅಳಿಯುತ್ತದೆ.

‘ಈಗ!’
ಗಾಳಿ ಅವನ ಕೂಗನ್ನು ಅರ್ಧ ತಿಂದು ಅರ್ಧ ತಂದಿತು.
ಬ್ಯಾಟರಿಯ ನಾಲಿಗೆ ತಾಗಿದ್ದೇ
ನಾರಿನೊಳಗೆ ಕೆಂಪು ಹುಳುಗಳೆದ್ದವು.
ಬೀಸಿದೆ.
ಕಿಡಿ, ಕಿಡಿಯ ಮೇಲೆ ಕಿಡಿ, ಕಿಡಿಯದೇ ಗಾಲಿ,
ಕೋಟೆಯ ಕಿವುಡು ಗೋಡೆಗೆ ಬಡಿದು ಚಿಮ್ಮುವ ಜೇನುನೊಣ.

ಆಗ ಅದು ಎಳೆಯಿತು.
ಎಡಕ್ಕೆ, ನೀರಿನ ಕಡೆಗೆ,
ಕಡಲಹಕ್ಕಿ ಕಂಡರೆ ಎಳೆಯುತ್ತಿತ್ತಲ್ಲ,
ಅದೇ ಜಗ್ಗು, ಅದೇ ಅವಸರ.
ಭುಜಕ್ಕೆ ನೆನಪಿತ್ತು.
‘ತಡಿಯೋ ದುಕ್ಸಿಸ್’ ಅಂದಿತು ಬಾಯಿ,
ನಾನಲ್ಲ.
ಕೈ ಬೀಸುತ್ತಲೇ ಇತ್ತು. ಕಾಲು ನಿಂತವು.

ಮನೆಗೆ ಬಂದು ನೋಡಿದರೆ
ಮೂವತ್ತು ಸೆಕೆಂಡಿನ ಬೆಂಕಿಯ ಬಳೆ,
ಮಧ್ಯದಲ್ಲಿ ಯಾರೂ ಇಲ್ಲ.
ಕೆಳಗೆ ಎರಡು ಬೂಟು,
ಯಾರೋ ಬಿಚ್ಚಿಟ್ಟು ಹೋದಂತೆ,
ತುದಿ ಕಡಲ ಕಡೆಗೆ.
‘ಕೆಟ್ಟಿತು, ಅಳಿಸಿಬಿಡು’ ಅಂದೆ.
ಅವನು ಕನ್ನಡಕ ಒರೆಸಿದ, ಮತ್ತೆ ಒರೆಸಿದ,
ಚಹಾ ಆರಿಹೋಯಿತು.

ಬೆಳಗ್ಗೆ ಏಳುವಷ್ಟರಲ್ಲಿ ಸರಪಳಿಯ ಮಸಿ ತಿಕ್ಕಿ
ಅದೇ ಮೊಳೆಗೆ ತೂಗುಹಾಕಿದ್ದ.
ಪಕ್ಕದಲ್ಲಿ ಹೊಸ ಮೊಳೆಯೊಂದು,
ಕಡೆಗೋಲಿಗೆ.